ಸಿ ಡ್ರೈವ್ ಸತ್ತ ದಿನ ಕೈ ಹಿಡಿಯುವ ಸಾಫ್ಟ್‌ವೇರ್ ಯಾವುದು?

ಮೇ ಕೊನೆಯ ವಾರ. ಇನ್ನೂ ಮಳೆ ಹಿಡಿದಿರಲಿಲ್ಲ, ಆದರೆ ಸಂಜೆಯಾದರೆ ಗುಡುಗು ಸಿಡಿಲು. ಹೊಸನಗರ ಕಡೆಯ ಒಬ್ಬರು ತಮ್ಮ ಅಂಗಡಿಯ ಸಿಪಿಯು ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತೀರ್ಥಹಳ್ಳಿಗೆ ನನ್ನ ಹತ್ತಿರ ತಂದರು. ಅವರದ್ದು ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಹಿಂದಿನ ರಾತ್ರಿ ಸಿಡಿಲು ಹೊಡೆದ ಮೇಲೆ ಕಂಪ್ಯೂಟರ್ ಆನ್ ಆಗುತ್ತದೆ, ಆದರೆ ವಿಂಡೋಸ್ ಬರುವುದಿಲ್ಲ. ತೆಗೆದು ನೋಡಿದರೆ ಎಸ್‌ಎಸ್‌ಡಿ, ಅಂದರೆ ವಿಂಡೋಸ್ ಕೂತಿರುವ ಒಳಗಿನ ಡಿಸ್ಕ್, ಪೂರ್ತಿ ಸತ್ತಿತ್ತು.

"ಫೈಲೆಲ್ಲ ಪೆನ್‌ಡ್ರೈವಲ್ಲಿದೆ ಮಾರಾಯ್ರೆ, ಅದಕ್ಕೇನೂ ಹೆದರಿಕೆ ಇಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯೋಕಾಗುತ್ತಾ ಹೇಳಿ" ಅಂದರು.

ಆಗಲಿಲ್ಲ. ಎರಡೂವರೆ ದಿನ ಹಿಡಿಯಿತು. ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಕೂರಿಸಲು ಅರ್ಧ ಗಂಟೆ ಸಾಕಾಯಿತು. ಉಳಿದ ಹೊತ್ತೆಲ್ಲ ಹೋಗಿದ್ದು ಆ ಅಂಗಡಿಯ ಕಂಪ್ಯೂಟರನ್ನು ಮತ್ತೆ 'ಆ ಅಂಗಡಿಯ ಕಂಪ್ಯೂಟರ್' ಮಾಡುವುದಕ್ಕೆ. ಹತ್ತು ವರ್ಷದ ಹಳೆಯ ಪತ್ರಗಳೆಲ್ಲ ನುಡಿಯ ಹಳೆಯ ಫಾಂಟಿನಲ್ಲಿದ್ದವು. ಅದೇ ಆವೃತ್ತಿ ಹುಡುಕಬೇಕು, ಇಲ್ಲದಿದ್ದರೆ ಪರದೆ ಮೇಲೆ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಪ್ರಿಂಟರಿನ ಜೊತೆ ಬಂದಿದ್ದ ಸಿಡಿ ಯಾವಾಗಲೋ ಕಳೆದುಹೋಗಿತ್ತು. ಡಿಜಿಟಲ್ ಸಹಿಯ ಟೋಕನ್‌ಗೆ ಬೇರೆ ಡ್ರೈವರ್ (ಯಂತ್ರವನ್ನು ವಿಂಡೋಸಿಗೆ ಪರಿಚಯ ಮಾಡಿಕೊಡುವ ಸಾಫ್ಟ್‌ವೇರ್), ಸ್ಕ್ಯಾನರಿಗೆ ಬೇರೆ, ಟ್ಯಾಲಿಯ ಸೆಟ್ಟಿಂಗ್ ಬೇರೆ. ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳಂತೂ ಹೋಗೇಹೋದವು.

ಅವರು ಉಳಿಸಿಕೊಂಡಿದ್ದು ಫೈಲುಗಳನ್ನು. ಬೂಟ್ ಡ್ರೈವಿನ, ಅಂದರೆ ಕಂಪ್ಯೂಟರ್ ಯಾವುದರಿಂದ ಏಳುತ್ತದೋ ಆ ಡಿಸ್ಕಿನ, ಬ್ಯಾಕಪ್ ಅನ್ನುವುದು ಬೇರೆಯೇ ಕೆಲಸ. ಅದಕ್ಕೆ ಸಾಫ್ಟ್‌ವೇರ್ ಬೇಕು, ಆ ಸಾಫ್ಟ್‌ವೇರ್ ಹತ್ತಾರಿವೆ. ಯಾವುದು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ: ಬ್ಯಾಕಪ್ ಎಷ್ಟು ಚೆನ್ನಾಗಿ ತೆಗೆಯುತ್ತದೆ ಅಂತ ನೋಡಬೇಡಿ, ಸತ್ತ ಕಂಪ್ಯೂಟರನ್ನು ವಾಪಸ್ ಎಬ್ಬಿಸುತ್ತದಾ ಅಂತ ನೋಡಿ. ಬ್ಯಾಕಪ್ ತೆಗೆಯುವುದು ಎಲ್ಲಕ್ಕೂ ಬರುತ್ತದೆ. ಎಬ್ಬಿಸುವ ಹೊತ್ತಿಗೆ ಕೈಕೊಡುವುದೇ ಜಾಸ್ತಿ.

ಸಿ ಡ್ರೈವ್ ಒಳಗೆ ಏನೇನಿದೆ

ನಮಗೆ ಕಾಣುವುದು ಸಿ ಅನ್ನುವ ಒಂದೇ ಡ್ರೈವ್. ಆದರೆ ವಿಂಡೋಸಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಒಂದೇ ಎಸ್‌ಎಸ್‌ಡಿಯಲ್ಲಿ ಮೂರು ಡಬ್ಬ ಕಾಣುತ್ತದೆ, ಡಿಸ್ಕಿನ ಈ ಭಾಗಗಳಿಗೆ ಪಾರ್ಟಿಷನ್ ಅನ್ನುತ್ತಾರೆ. ಮೊದಲನೆಯದು ಸಾಮಾನ್ಯವಾಗಿ 100 ಎಂಬಿಯ ಸಣ್ಣ ಇಎಫ್‌ಐ ಪಾರ್ಟಿಷನ್. ಅದರ ಪಕ್ಕ 16 ಎಂಬಿಯ ಇನ್ನೊಂದು ಇರುತ್ತದೆ, ಅದು ಅಲ್ಲಿ ಕಾಣುವುದೇ ಇಲ್ಲ, ಮೈಕ್ರೋಸಾಫ್ಟ್ ತನ್ನ ಬಳಕೆಗೆ ಕಾದಿರಿಸಿಕೊಂಡಿದ್ದು. ಆಮೇಲೆ ನಮ್ಮ ಸಿ. ಕೊನೆಗೆ ರಿಕವರಿ ಪಾರ್ಟಿಷನ್, ಕೆಲವು ನೂರು ಎಂಬಿಯದ್ದು.

ಪವರ್ ಬಟನ್ ಒತ್ತಿದಾಗ ಏನಾಗುತ್ತದೆ ನೋಡಿ. ಮದರ್‌ಬೋರ್ಡಿನೊಳಗಿನ ಯುಇಎಫ್‌ಐ ಅನ್ನುವ ಸಣ್ಣ ಸಾಫ್ಟ್‌ವೇರ್ ಮೊದಲು ಎಚ್ಚರವಾಗುತ್ತದೆ. ಅದಕ್ಕೆ ಸಿ ಡ್ರೈವ್ ಗೊತ್ತಿಲ್ಲ, ನಿಮ್ಮ ವಿಂಡೋಸ್ ಗೊತ್ತಿಲ್ಲ. ಅದು ಓದಬಲ್ಲದ್ದು ಆ 100 ಎಂಬಿಯ ಸಣ್ಣ ಪಾರ್ಟಿಷನ್ ಮಾತ್ರ, ಯಾಕೆಂದರೆ ಅದು ಫ್ಯಾಟ್32 ಅನ್ನುವ ಹಳೆಯ, ಸರಳ ಜೋಡಣೆಯಲ್ಲಿದೆ. ಅಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನುವ ಪುಟ್ಟ ಪ್ರೋಗ್ರಾಂ ಕೂತಿದೆ. ಅದರ ಪಕ್ಕದಲ್ಲೇ ಬಿಸಿಡಿ ಅನ್ನುವ ಒಂದು ಪಟ್ಟಿ: ವಿಂಡೋಸ್ ಯಾವ ಡಿಸ್ಕಿನ ಯಾವ ಪಾರ್ಟಿಷನ್ನಿನಲ್ಲಿದೆ ಅನ್ನುವ ವಿಳಾಸ. ಆ ವಿಳಾಸ ಹಿಡಿದುಕೊಂಡು ಹೋದ ಮೇಲೆಯೇ ಸಿ ಡ್ರೈವಿನ ವಿಂಡೋಸ್ ಏಳುವುದು.

ಹಾಗಾಗಿ ಸಿ ಡ್ರೈವಿನ ಫೋಲ್ಡರುಗಳನ್ನೆಲ್ಲ ಕಾಪಿ ಮಾಡಿ ಹೊಸ ಎಸ್‌ಎಸ್‌ಡಿಗೆ ಪೇಸ್ಟ್ ಮಾಡಿದರೆ ಕಂಪ್ಯೂಟರ್ ಏಳುವುದಿಲ್ಲ. ಮನೆ ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ ಬಾಗಿಲ ಬೀಗದ ಕೈ ಹಳೆ ಮನೆಯಲ್ಲೇ ಬಿಟ್ಟಂತೆ. ಅಷ್ಟೇ ಅಲ್ಲ, ವಿಂಡೋಸ್ ಓಡುತ್ತಿರುವಾಗ ತನ್ನ ಎಷ್ಟೋ ಫೈಲುಗಳನ್ನು ತಾನೇ ಹಿಡಿದುಕೊಂಡಿರುತ್ತದೆ, ಕಾಪಿ ಮಾಡಲು ಬಿಡುವುದೇ ಇಲ್ಲ.

ಇದಕ್ಕೆ ಇರುವ ದಾರಿಯೇ ಇಮೇಜ್. ಡಿಸ್ಕಿನ ಎಲ್ಲ ಪಾರ್ಟಿಷನ್ನುಗಳು, ಅವುಗಳ ಅಳತೆ, ಜೋಡಣೆ, ಒಳಗಿನದ್ದು, ಎಲ್ಲವನ್ನೂ ಇದ್ದಂತೆಯೇ ತೆಗೆದು ಒಂದು ದೊಡ್ಡ ಫೈಲ್ ಮಾಡಿ ಇಡುವುದು. ಖಾಲಿ ಜಾಗವನ್ನು ಬಿಟ್ಟು ತುಂಬಿದ ಜಾಗವನ್ನು ಮಾತ್ರ ತೆಗೆದುಕೊಳ್ಳುತ್ತದೆ, ಅದನ್ನೂ ಕುಗ್ಗಿಸುತ್ತದೆ. 500 ಜಿಬಿ ಎಸ್‌ಎಸ್‌ಡಿಯಲ್ಲಿ 90 ಜಿಬಿ ತುಂಬಿದ್ದರೆ ನನಗೆ ಸಾಮಾನ್ಯವಾಗಿ 50-60 ಜಿಬಿಯ ಇಮೇಜ್ ಸಿಗುತ್ತದೆ. ಫೋಟೋ, ವಿಡಿಯೋ ಜಾಸ್ತಿ ಇದ್ದರೆ ಅಷ್ಟು ಕುಗ್ಗುವುದಿಲ್ಲ.

ಓಡುತ್ತಿರುವ ವಿಂಡೋಸಿನ ಇಮೇಜ್ ಹೇಗೆ ತೆಗೆಯುತ್ತಾರೆ ಅನ್ನುವ ಪ್ರಶ್ನೆ ಬರುತ್ತದೆ, ಅಲ್ವಾ? ವಿಂಡೋಸಿನಲ್ಲೇ ವಾಲ್ಯೂಮ್ ಶ್ಯಾಡೋ ಕಾಪಿ ಅನ್ನುವ ಸೇವೆ ಇದೆ. ಆ ಒಂದು ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಹಾಗೆ ಅದು ಹಿಡಿದು ನಿಲ್ಲಿಸಿಕೊಡುತ್ತದೆ. ನೀವು ಈಚೆ ಟೈಪ್ ಮಾಡುತ್ತಲೇ ಇರಬಹುದು, ಸಾಫ್ಟ್‌ವೇರ್ ಆಚೆ ಆ ನಿಂತ ಚಿತ್ರವನ್ನು ಓದಿಕೊಳ್ಳುತ್ತಿರುತ್ತದೆ.

ಕ್ಲೋನ್ ಅನ್ನುವುದು ಬೇರೆ. ಅಲ್ಲಿ ಫೈಲ್ ಆಗುವುದಿಲ್ಲ, ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ನೇರವಾಗಿ ನಕಲು. ಹಳೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವಾಗ ಕ್ಲೋನ್ ಸುಲಭ. ಬ್ಯಾಕಪ್ಪಿಗೆ ನಾನು ಅದನ್ನು ಹೇಳುವುದಿಲ್ಲ. ಒಂದು ಡಿಸ್ಕಿನಲ್ಲಿ ಒಂದೇ ಕ್ಲೋನ್ ಹಿಡಿಸುತ್ತದೆ. ನಿನ್ನೆ ಹೊಕ್ಕ ವೈರಸ್ಸೂ ಇವತ್ತಿನ ಕ್ಲೋನಿನಲ್ಲಿ ಕೂತಿರುತ್ತದೆ, ಹಿಂದಿನ ತಿಂಗಳದ್ದು ಅಳಿಸಿಹೋಗಿರುತ್ತದೆ. ಇಮೇಜಾದರೆ ಅದೇ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ನಾಲ್ಕು ತಿಂಗಳ ನಾಲ್ಕು ಇಡಬಹುದು.

ರೆಸ್ಕ್ಯೂ ಪೆನ್‌ಡ್ರೈವ್: ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು

ಬೂಟ್ ಡ್ರೈವ್ ಸತ್ತರೆ ವಿಂಡೋಸ್ ಇಲ್ಲ. ವಿಂಡೋಸ್ ಇಲ್ಲದಿದ್ದರೆ ಅದರೊಳಗೆ ಹಾಕಿಕೊಂಡ ಬ್ಯಾಕಪ್ ಸಾಫ್ಟ್‌ವೇರೂ ಇಲ್ಲ. ಅದಕ್ಕೇ ಇಂಥ ಎಲ್ಲ ಸಾಫ್ಟ್‌ವೇರಿನಲ್ಲೂ ರೆಸ್ಕ್ಯೂ ಮೀಡಿಯಾ ಮಾಡಿಕೊಳ್ಳುವ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿ ಒಂದು ಪೆನ್‌ಡ್ರೈವ್ ಮಾಡಿಕೊಂಡರೆ ಕಂಪ್ಯೂಟರ್ ಆ ಪೆನ್‌ಡ್ರೈವಿನಿಂದಲೇ ಏಳುತ್ತದೆ, ಅಲ್ಲಿಂದ ಇಮೇಜನ್ನು ಹೊಸ ಎಸ್‌ಎಸ್‌ಡಿಗೆ ಇಳಿಸಬಹುದು. ಜನ ಈ ಬಟನ್ ಒತ್ತುವುದೇ ಇಲ್ಲ. ಒತ್ತಿದವರು ಅದರಿಂದ ಒಮ್ಮೆ ಬೂಟ್ ಮಾಡಿ ನೋಡುವುದಿಲ್ಲ.

ನಾನೂ ನೋಡಿರಲಿಲ್ಲ. ಕೊಪ್ಪದ ಹತ್ತಿರ ಒಂದು ಮನೆಯಲ್ಲಿ, ತೋಟದ ಲೆಕ್ಕವೆಲ್ಲ ಇದ್ದ ಲ್ಯಾಪ್‌ಟಾಪ್. ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ ಅಪ್‌ಡೇಟ್ ಆಗುತ್ತಿರುವಾಗ ಕರೆಂಟು ಹೋಗಿ, ಬ್ಯಾಟರಿಯೂ ಸತ್ತಿದ್ದರಿಂದ ಅರ್ಧಕ್ಕೇ ನಿಂತಿತ್ತು. ಎರಡು ತಿಂಗಳ ಹಿಂದೆ ನಾನೇ ಇಮೇಜ್ ತೆಗೆದು ಕೊಟ್ಟಿದ್ದೆ, ಪೆನ್‌ಡ್ರೈವೂ ಮಾಡಿಕೊಟ್ಟಿದ್ದೆ. ಧೈರ್ಯವಾಗಿ ಹೋದೆ. ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದೆ, ಪರದೆ ಬಂತು. ಎಕ್ಸ್‌ಟರ್ನಲ್ ಡಿಸ್ಕ್ ಹಾಕಿದೆ, ಇಮೇಜ್ ಕಾಣಿಸಿತು. 'ಯಾವ ಡಿಸ್ಕಿಗೆ ರಿಸ್ಟೋರ್ ಮಾಡಬೇಕು' ಅನ್ನುವ ಪುಟಕ್ಕೆ ಬಂದೆ. ಅಲ್ಲಿ ಪೆನ್‌ಡ್ರೈವ್ ಇತ್ತು, ಎಕ್ಸ್‌ಟರ್ನಲ್ ಡಿಸ್ಕ್ ಇತ್ತು. ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿ ಇರಲಿಲ್ಲ. ರಿಫ್ರೆಶ್ ಒತ್ತಿದೆ. ಇಲ್ಲ. ಮನೆಯವರು ಕಾಫಿ ಕೊಟ್ಟರು, ಲೋಟ ಕೈಯಲ್ಲಿ ಹಿಡಿದುಕೊಂಡೇ ಆ ಖಾಲಿ ಜಾಗ ನೋಡುತ್ತಿದ್ದೆ.

ಕಾರಣ ಆಮೇಲೆ ತಿಳಿಯಿತು. ಆ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ನೇರವಾಗಿ ಕಾಣುವುದಿಲ್ಲ, ಇಂಟೆಲ್‌ನ ವಿಎಂಡಿ ಅನ್ನುವ ಕಂಟ್ರೋಲರಿನ ಹಿಂದೆ ಇರುತ್ತದೆ. ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕು. ನಾನು ಮಾಡಿದ್ದ ಪೆನ್‌ಡ್ರೈವಿನಲ್ಲಿ ಆ ಡ್ರೈವರ್ ಇರಲಿಲ್ಲ. ವಾಪಸ್ ಬಂದು, ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದ ಅದಕ್ಕೆ ಬೇಕಾದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿಕೊಂಡು, ಅದನ್ನು ಸೇರಿಸಿ ಪೆನ್‌ಡ್ರೈವನ್ನು ಮತ್ತೆ ಮಾಡಿ, ಮರುದಿನ ಹೋದ ಮೇಲೆ ಕೆಲಸ ಆಯಿತು. ಬಯಾಸಿಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ವಿಎಂಡಿಯನ್ನೇ ಆಫ್ ಮಾಡಿದರೆ ಡಿಸ್ಕ್ ಕಾಣಬಹುದು, ಆದರೆ ವಿಎಂಡಿ ಇಟ್ಟುಕೊಂಡು ಕೂರಿಸಿದ ವಿಂಡೋಸ್ ಆಮೇಲೆ ನೀಲಿ ಪರದೆ ತೋರಿಸಿ ನಿಲ್ಲುವ ಸಾಧ್ಯತೆ ಇದೆ. ಸುಮ್ನೆ ಅದನ್ನು ಮುಟ್ಟಬೇಡಿ.

ಅವತ್ತಿನಿಂದ ಯಾವ ಸಾಫ್ಟ್‌ವೇರ್ ನೋಡಿದರೂ ನನ್ನ ಮೊದಲ ಪರೀಕ್ಷೆ ಇದೇ. ಹಾಕಿಕೊಂಡ ಕೂಡಲೇ ರೆಸ್ಕ್ಯೂ ಪೆನ್‌ಡ್ರೈವ್ ಮಾಡು, ಅದರಿಂದ ಬೂಟ್ ಮಾಡು, ಒಳಗಿನ ಡಿಸ್ಕ್ ಕಾಣುತ್ತದಾ, ಹೊರಗಿನ ಡಿಸ್ಕ್ ಕಾಣುತ್ತದಾ, ಮೌಸ್ ಮತ್ತು ಟಚ್‌ಪ್ಯಾಡ್ ಓಡುತ್ತದಾ ನೋಡು. ಐದು ನಿಮಿಷದ ಕೆಲಸ. ಏನನ್ನೂ ಅಳಿಸದೆ, ಸುಮ್ಮನೆ ನೋಡಿ ಶಟ್‌ಡೌನ್ ಮಾಡಿದರಾಯಿತು.

ರೆಸ್ಕ್ಯೂ ಪೆನ್‌ಡ್ರೈವುಗಳಲ್ಲಿ ಎರಡು ಜಾತಿ. ಒಂದು ವಿಂಡೋಸಿನದ್ದೇ ಸಣ್ಣ ರೂಪ, ವಿನ್‌ಪಿಇ ಅನ್ನುತ್ತಾರೆ. ಇನ್ನೊಂದು ಲಿನಕ್ಸ್. ವಿನ್‌ಪಿಇ ಆದರೆ ನಿಮ್ಮ ವಿಂಡೋಸಿನ ಡ್ರೈವರುಗಳನ್ನೇ ಅದಕ್ಕೆ ಸೇರಿಸಬಹುದು. ಕೆಲವು ಸಾಫ್ಟ್‌ವೇರ್ ಪೆನ್‌ಡ್ರೈವ್ ಮಾಡುವಾಗ ಆ ಡ್ರೈವರುಗಳನ್ನು ತಾವೇ ಹುಡುಕಿ ಸೇರಿಸಿಕೊಳ್ಳುತ್ತವೆ, ಅಂಥದ್ದಕ್ಕೆ ನನ್ನ ಒಂದು ಮತ ಜಾಸ್ತಿ. ಲಿನಕ್ಸಿನದ್ದು ಹೊಸ ಆವೃತ್ತಿಯಾದಷ್ಟೂ ಹೊಸ ಯಂತ್ರಗಳನ್ನು ಗುರುತಿಸುತ್ತದೆ, ಹಾಗಾಗಿ ಮೂರು ವರ್ಷದ ಹಿಂದೆ ಮಾಡಿಟ್ಟ ಪೆನ್‌ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೆ ನಂಬಿಕೊಳ್ಳಬೇಡಿ.

ಇನ್ನೊಂದು ಸಣ್ಣ ಸಂಗತಿ, ಆದರೆ ತುಂಬಾ ಜನ ಎಡವುವ ಜಾಗ. ಯಾವುದರಿಂದ ಏಳಬೇಕು ಅಂತ ಕೇಳುವ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಮುಂದೆ ಯುಇಎಫ್‌ಐ ಅಂತ ಇರುತ್ತದೆ. ನಿಮ್ಮ ವಿಂಡೋಸ್ ಯುಇಎಫ್‌ಐ ರೀತಿಯದ್ದಾದರೆ, ಇತ್ತೀಚಿನವೆಲ್ಲ ಹಾಗೆಯೇ, ಅದನ್ನೇ ಆರಿಸಿ. ಬೇರೆ ದಾರಿಯಲ್ಲಿ ಎದ್ದು ರಿಸ್ಟೋರ್ ಮಾಡಿದರೆ ಎಲ್ಲ ಸರಿಯಾಗಿ ಇಳಿದರೂ ಕೊನೆಗೆ ಬೂಟ್ ಆಗದೆ ಇರಬಹುದು.

ಹೊಸ ಡಿಸ್ಕ್ ಹಳೆಯದರಷ್ಟೇ ಇರುವುದಿಲ್ಲ

ಡಿಸ್ಕ್ ಸತ್ತಾಗ ಅಂಗಡಿಯಲ್ಲಿ ಅದೇ ಅಳತೆಯದ್ದು ಸಿಗುತ್ತದೆ ಅಂತಿಲ್ಲ. 1 ಟಿಬಿ ಹಾರ್ಡ್‌ಡಿಸ್ಕ್ ಹೋಗಿದೆ, ನೀವು ತರುವುದು 500 ಜಿಬಿ ಎಸ್‌ಎಸ್‌ಡಿ. ಒಳಗೆ ತುಂಬಿದ್ದು 90 ಜಿಬಿ ಮಾತ್ರ, ಹಿಡಿಸಬೇಕು ತಾನೇ? ಆದರೆ ಕೆಲವು ಸಾಫ್ಟ್‌ವೇರ್ ಒಪ್ಪುವುದಿಲ್ಲ. ಹಳೆ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡದು ಬೇಕು ಅನ್ನುತ್ತವೆ. ಹಾಗಾಗಿ ಚಿಕ್ಕ ಡಿಸ್ಕಿಗೆ ಇಳಿಸುವಾಗ ಪಾರ್ಟಿಷನ್ ಕುಗ್ಗಿಸಲು ಬರುತ್ತದಾ ಅನ್ನುವುದು ಎರಡನೇ ಪ್ರಶ್ನೆ.

ದೊಡ್ಡ ಡಿಸ್ಕಿಗೆ ಇಳಿಸುವಾಗಲೂ ಒಂದು ತೊಡಕಿದೆ. ಸಿ ಆದ ಮೇಲೆ ಬಲಗಡೆ ರಿಕವರಿ ಪಾರ್ಟಿಷನ್ ಗೋಡೆಯ ಹಾಗೆ ನಿಂತಿರುತ್ತದೆ, ಅದರಾಚೆ ಹೊಸ ಜಾಗವೆಲ್ಲ ಖಾಲಿ ಬಿದ್ದಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಹಿಗ್ಗಿಸಲು ಹೋದರೆ ಆಗುವುದಿಲ್ಲ. ಒಳ್ಳೆಯ ಸಾಫ್ಟ್‌ವೇರಿನಲ್ಲಿ ರಿಸ್ಟೋರ್ ಮಾಡುವಾಗಲೇ ರಿಕವರಿಯನ್ನು ಕೊನೆಗೆ ಸರಿಸಿ ಸಿಯನ್ನು ಎಳೆದು ದೊಡ್ಡದು ಮಾಡಬಹುದು.

ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ವಿಷಯ ಈಗ ಬಿಡುವಂತಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಕೂರಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುವುದು ಮಾಮೂಲಾಗಿದೆ, ಹೋಮ್ ಆವೃತ್ತಿಯಲ್ಲೂ. ಎಷ್ಟೋ ಜನರಿಗೆ ತಮ್ಮ ಡಿಸ್ಕಿಗೆ ಬೀಗ ಇದೆ ಅಂತಲೇ ಗೊತ್ತಿರುವುದಿಲ್ಲ. ವಿಂಡೋಸ್ ಒಳಗಿನಿಂದ ಇಮೇಜ್ ತೆಗೆದರೆ ತೊಂದರೆ ಇಲ್ಲ, ಆಗ ಬೀಗ ತೆಗೆದಿರುತ್ತದೆ. ಆದರೆ ಹಾಗೆ ತೆಗೆದ ಇಮೇಜಿಗೆ ಬೀಗ ಇರುವುದಿಲ್ಲ ಅನ್ನುವುದು ನೆನಪಿರಲಿ. ಎಕ್ಸ್‌ಟರ್ನಲ್ ಡಿಸ್ಕ್ ಕಳ್ಳತನವಾದರೆ ನಿಮ್ಮದೆಲ್ಲ ಅವರ ಕೈಗೆ. ಇಮೇಜಿಗೇ ಪಾಸ್‌ವರ್ಡ್ ಹಾಕುವ ಸೌಲಭ್ಯ ಇದ್ದರೆ ಹಾಕಿ. ಹೊರಗಿನಿಂದ, ಪೆನ್‌ಡ್ರೈವಿನಲ್ಲಿ ಬೂಟ್ ಮಾಡಿ ಇಮೇಜ್ ತೆಗೆಯುವವರಿಗೆ ಬೀಗ ಹಾಕಿದ ಡಿಸ್ಕಿನಲ್ಲಿ ಯಾವುದು ಖಾಲಿ ಯಾವುದು ತುಂಬಿದ್ದು ಗೊತ್ತಾಗುವುದಿಲ್ಲ. 500 ಜಿಬಿ ಇದ್ದರೆ 500 ಜಿಬಿಯನ್ನೂ ಓದಬೇಕಾಗುತ್ತದೆ. ಏನೇ ಮಾಡುವ ಮುಂಚೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಖಾತೆಯ ಪಾಸ್‌ವರ್ಡ್ ಮರೆತವರಿಗೆ ಅದೂ ಇಲ್ಲ.

ಹೆಸರು ಹಿಡಿದು ಹೇಳುವುದಾದರೆ

ವಿಂಡೋಸಿನಲ್ಲೇ ಒಂದು ಇದೆಯಲ್ಲ ಅಂತ ಕೇಳುತ್ತಾರೆ. ಹೌದು, ಕಂಟ್ರೋಲ್ ಪ್ಯಾನೆಲಿನಲ್ಲಿ 'ಬ್ಯಾಕಪ್ ಅಂಡ್ ರಿಸ್ಟೋರ್, ವಿಂಡೋಸ್ 7' ಅಂತ ಇದೆ, ಅದರಲ್ಲಿ ಸಿಸ್ಟಮ್ ಇಮೇಜ್ ತೆಗೆಯಬಹುದು. ಆದರೆ ಮೈಕ್ರೋಸಾಫ್ಟ್ 2017ರಲ್ಲೇ ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿ, ಬೇರೆಯವರ ಸಾಫ್ಟ್‌ವೇರ್ ಬಳಸಿ ಅಂದಿತು. ಚಿಕ್ಕ ಡಿಸ್ಕಿಗೆ ಇಳಿಸಲು ಅದು ಒಪ್ಪುವುದಿಲ್ಲ. ನಾನು ಈಗ ಯಾರಿಗೂ ಹೇಳುವುದಿಲ್ಲ. ಹೊಸ 'ವಿಂಡೋಸ್ ಬ್ಯಾಕಪ್' ಆ್ಯಪ್ ಫೈಲು, ಸೆಟ್ಟಿಂಗುಗಳನ್ನು ಒನ್‌ಡ್ರೈವಿಗೆ ಕಳಿಸುತ್ತದೆ, ಇಮೇಜ್ ತೆಗೆಯುವುದಿಲ್ಲ. ಹೆಸರು ನೋಡಿ ಮೋಸಹೋಗಬೇಡಿ.

ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯನ್ನು ಎಷ್ಟೋ ವರ್ಷ ಎಲ್ಲರೂ ಬಳಸಿದರು, ನಾನೂ ಕೂಡ. 2024ರ ಶುರುವಿಗೆ ಅದಕ್ಕೆ ಬೆಂಬಲ ನಿಂತಿತು. ಈಗಿನದ್ದು ದುಡ್ಡು ಕೊಟ್ಟು ಬಳಸುವಂಥದ್ದು. ಕೊಡಲು ಆಗುವವರಿಗೆ ನನ್ನ ಮೊದಲ ಆಯ್ಕೆ ಇದೇ: ರೆಸ್ಕ್ಯೂ ಪೆನ್‌ಡ್ರೈವಿಗೆ ಡ್ರೈವರುಗಳನ್ನು ತಾನೇ ಸೇರಿಸುತ್ತದೆ, ಪಾರ್ಟಿಷನ್ ಹಿಗ್ಗಿಸಿ ಕುಗ್ಗಿಸುವುದು ಸಲೀಸು. ದುಡ್ಡು ಬೇಡ ಅನ್ನುವ ಮನೆ ಬಳಕೆಯವರಿಗೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಹೇಳುತ್ತೇನೆ. ದೊಡ್ಡ ಕಂಪನಿಗಳ ಸರ್ವರಿಗೆ ಸಾಫ್ಟ್‌ವೇರ್ ಮಾಡುವವರದ್ದು, ಗಟ್ಟಿಯಾಗಿದೆ. ಉಚಿತದಲ್ಲಿ ಒಂದೇ ಬ್ಯಾಕಪ್ ಕೆಲಸ ಇಟ್ಟುಕೊಳ್ಳಬಹುದು, ಮನೆಗೆ ಒಂದೇ ಸಾಕು. ಹಾಸ್ಲಿಯೋ ಬ್ಯಾಕಪ್ ಸೂಟ್ ಕೂಡ ಉಚಿತ, ನೋಡಲು ಸರಳ, ಹೊಸಬರು ಗೊಂದಲಗೊಳ್ಳುವುದಿಲ್ಲ.

ಕ್ರೂಷಿಯಲ್, ಕಿಂಗ್‌ಸ್ಟನ್, ವೆಸ್ಟರ್ನ್ ಡಿಜಿಟಲ್ ಎಸ್‌ಎಸ್‌ಡಿ ತಂದವರಿಗೆ ಅಕ್ರಾನಿಸ್‌ನ ಒಂದು ಆವೃತ್ತಿ ಜೊತೆಗೇ ಸಿಗುತ್ತದೆ, ಆ ಕಂಪನಿಯ ಡಿಸ್ಕ್ ಕಂಪ್ಯೂಟರಿನಲ್ಲಿ ಇದ್ದರೆ ಮಾತ್ರ ಓಡುತ್ತದೆ. ಎಸ್‌ಎಸ್‌ಡಿ ಬದಲಿಸುವ ದಿನದ ಕ್ಲೋನಿಗೆ ಅಷ್ಟು ಸಾಕು. ಎಒಎಂಇಐ, ಈಸ್‌ಯುಎಸ್ ಕೂಡ ಇವೆ. ಉಚಿತ ಅಂತ ಶುರುಮಾಡಿ, ಬೂಟ್ ಡಿಸ್ಕಿನ ಕ್ಲೋನ್ ಅಂದಾಗ ದುಡ್ಡು ಕೇಳುವ ಸಾಫ್ಟ್‌ವೇರುಗಳು ಈ ಲೋಕದಲ್ಲಿ ಇವೆ. ಹಾಕಿಕೊಳ್ಳುವ ಮುಂಚೆ ಉಚಿತದಲ್ಲಿ ಏನಿಲ್ಲ ಅನ್ನುವ ಪಟ್ಟಿ ಓದಿ.

ಕ್ಲೋನ್‌ಜಿಲ್ಲಾ ಬೇರೆಯೇ ಜಾತಿ. ತೈವಾನಿನಲ್ಲಿ ಹುಟ್ಟಿದ್ದು, ಪೂರ್ತಿ ಉಚಿತ, ಪೂರ್ತಿ ಮುಕ್ತ (ಓಪನ್ ಸೋರ್ಸ್). ಅದು ವಿಂಡೋಸಿನೊಳಗೆ ಓಡುವುದೇ ಇಲ್ಲ, ಪೆನ್‌ಡ್ರೈವಿನಿಂದಲೇ ಶುರು. ಹಾಗಾಗಿ ಬ್ಯಾಕಪ್ ತೆಗೆದಿರಿ ಅಂದರೆ ಪೆನ್‌ಡ್ರೈವ್ ಬೂಟ್ ಆಗುತ್ತದೆ, ಡಿಸ್ಕ್ ಕಾಣುತ್ತದೆ ಅನ್ನುವ ಪರೀಕ್ಷೆ ಅಲ್ಲೇ ಮುಗಿಯಿತು. ಇದು ನನಗೆ ಬಹಳ ಇಷ್ಟ. ಆದರೆ ಪರದೆ ನೀಲಿ-ಬೂದು ಬಣ್ಣದ ಹಳೆಯ ಕಾಲದ್ದು, ತಪ್ಪು ಡಿಸ್ಕ್ ಆರಿಸಿದರೆ ಕಥೆ ಮುಗಿಯಿತು. ಹಳೆಯದರಷ್ಟು ಅಥವಾ ದೊಡ್ಡ ಡಿಸ್ಕೇ ಬೇಕು. ಇಮೇಜಿನಿಂದ ಒಂದೇ ಒಂದು ಫೈಲ್ ತೆಗೆಯುವುದು ಕಷ್ಟ. ರೆಸ್ಕ್ಯೂಜಿಲ್ಲಾ ಅನ್ನುವುದು ಅದರದ್ದೇ ಇಮೇಜುಗಳನ್ನು ಓದುತ್ತದೆ, ಮೌಸಿನಲ್ಲಿ ಮಾಡಬಹುದು. ಮೊದಲ ಸಲದವರು ಅದನ್ನೇ ತೆಗೆದುಕೊಳ್ಳಿ. ಎರಡಕ್ಕೂ ಒಂದು ಎಚ್ಚರಿಕೆ: ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಡಿಸ್ಕ್ ಪೂರ್ತಿ ಮುಚ್ಚಿರುವುದಿಲ್ಲ, ಆಗ ಇವು ತಕರಾರು ಮಾಡುತ್ತವೆ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕೊಡಿ, ಪೂರ್ತಿ ಮುಚ್ಚುತ್ತದೆ.

ಲಿನಕ್ಸ್ ಬಳಸುವವರಿಗೂ ಇವೇ ಎರಡು. ಟೈಮ್‌ಶಿಫ್ಟ್ ಇದೆಯಲ್ಲ ಅನ್ನುವವರು ಗಮನಿಸಿ, ಅದು ಸಿಸ್ಟಮ್ ಫೈಲುಗಳನ್ನು ಹಿಂದಿನ ಸ್ಥಿತಿಗೆ ತರಲು ಇರುವುದು, ನಿಮ್ಮ ಹೋಮ್ ಫೋಲ್ಡರನ್ನು ಮಾಮೂಲಾಗಿ ಮುಟ್ಟುವುದಿಲ್ಲ. ಮ್ಯಾಕ್‌ನಲ್ಲಿ ಅದರ ಜೊತೆಗೇ ಬರುವ ಟೈಮ್ ಮಷೀನ್ ಹಾಕಿಕೊಂಡರೆ ಸಾಕು.

ಎಷ್ಟು ಸಲ, ಎಲ್ಲಿ

ಫುಲ್, ಡಿಫರೆನ್ಷಿಯಲ್, ಇಂಕ್ರಿಮೆಂಟಲ್ ಅಂತ ಮೂರು ಮಾತು ಎಷ್ಟೋ ಸಾಫ್ಟ್‌ವೇರಿನಲ್ಲಿ ಬರುತ್ತದೆ. ಅಡಿಕೆ ಕೊಯ್ಲಿನ ಲೆಕ್ಕದ ಪುಸ್ತಕ ಅಂದುಕೊಳ್ಳಿ. ಫುಲ್ ಅಂದರೆ ತಿಂಗಳ ಮೊದಲ ದಿನ ಮನೆಯಲ್ಲಿರುವುದನ್ನೆಲ್ಲ ಎಣಿಸಿ ಬರೆದದ್ದು. ಇಂಕ್ರಿಮೆಂಟಲ್ ಅಂದರೆ ಪ್ರತಿದಿನ ಆ ದಿನದ ಹೆಚ್ಚುಕಮ್ಮಿ ಮಾತ್ರ ಬರೆಯುವುದು. ಪುಟ ಸಣ್ಣದು, ಆದರೆ ನಡುವಿನ ಒಂದು ಪುಟ ಹರಿದರೆ ಮುಂದಿನ ಲೆಕ್ಕ ಯಾವುದೂ ಹೊಂದುವುದಿಲ್ಲ. ಡಿಫರೆನ್ಷಿಯಲ್ ಅಂದರೆ ಪ್ರತಿಸಲವೂ ತಿಂಗಳ ಮೊದಲ ದಿನದಿಂದ ಇವತ್ತಿನವರೆಗಿನ ಒಟ್ಟು ವ್ಯತ್ಯಾಸ ಬರೆಯುವುದು. ಜಾಗ ಜಾಸ್ತಿ ಬೇಕು, ಆದರೆ ಮೊದಲ ಪುಟ ಮತ್ತು ಕೊನೆ ಪುಟ ಎರಡಿದ್ದರೆ ಲೆಕ್ಕ ಸಿಗುತ್ತದೆ. ಮನೆಗೆ, ಸಣ್ಣ ಅಂಗಡಿಗೆ ನಾನು ಹೇಳುವುದು ತಿಂಗಳಿಗೊಂದು ಫುಲ್, ವಾರಕ್ಕೊಂದು ಡಿಫರೆನ್ಷಿಯಲ್. ದಿನದಿನದ ಫೈಲುಗಳು ಪೆನ್‌ಡ್ರೈವಿಗೋ ಗೂಗಲ್ ಡ್ರೈವಿಗೋ ಬೇರೆ ಹೋಗುತ್ತಿರಲಿ.

ಇಮೇಜನ್ನು ಕ್ಲೌಡಿಗೆ ಕಳಿಸುವ ಮಾತು ನಮ್ಮ ಕಡೆ ನಡೆಯುವುದಿಲ್ಲ. 60 ಜಿಬಿ ಇಮೇಜ್, ಅಪ್‌ಲೋಡ್ ವೇಗ ಸೆಕೆಂಡಿಗೆ 5 ಮೆಗಾಬಿಟ್ ಅಂದುಕೊಂಡರೂ ಹತ್ತಿರ ಹತ್ತಿರ 27 ಗಂಟೆ ಬೇಕು. ಮಳೆಗಾಲದಲ್ಲಿ 27 ಗಂಟೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದರೆ ತಾನೇ! ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕೇ ಸರಿ. ಅದನ್ನು ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ, ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುತ್ತದೆ. ಸೆಕೆಂಡಿಗೆ 100 ಎಂಬಿ ಹೋದರೆ 90 ಜಿಬಿ 15 ನಿಮಿಷ. ಹಳೆಯ ಯುಎಸ್‌ಬಿ 2 ಆದರೆ 40 ನಿಮಿಷ ದಾಟುತ್ತದೆ.

ಮುಗಿದ ಕೂಡಲೇ ಕೇಬಲ್ ತೆಗೆಯಿರಿ. ಚುಚ್ಚಿಟ್ಟ ಡಿಸ್ಕಿಗೆ ಸಿಡಿಲೂ ಹೊಡೆಯುತ್ತದೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರೂ ತಲುಪುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆ ಸುತ್ತಮುತ್ತ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ, ಹಾರ್ಡ್‌ಡಿಸ್ಕನ್ನು ಸುಮ್ನೆ ಮೇಜಿನ ಮೇಲೆ ಬಿಡಬೇಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಪೊಟ್ಟಣವನ್ನು ಆಗಾಗ ಬದಲಿಸಿ. ಎರಡನೇ ಡಿಸ್ಕ್ ಇದ್ದರೆ ಬೇರೆ ಮನೆಯಲ್ಲಿ, ಪೇಟೆಯ ನೆಂಟರ ಹತ್ತಿರವಾದರೂ ಸರಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಇದಕ್ಕೂ ಅದೇ ಹೊತ್ತು ಅಂತ ಇಟ್ಟುಕೊಂಡಿದ್ದೇನೆ. ಮೇ ತಿಂಗಳಲ್ಲಿ ಒಂದು ಫುಲ್ ಇಮೇಜ್ ತೆಗೆದು, ಒಮ್ಮೆ ನಿಜವಾಗಿ ರಿಸ್ಟೋರ್ ಮಾಡಿ ನೋಡುತ್ತೇನೆ. ಸಾಫ್ಟ್‌ವೇರಿನ ವೆರಿಫೈ ಬಟನ್ ಇಮೇಜ್ ಕೆಟ್ಟಿಲ್ಲ ಅಂತಷ್ಟೇ ಹೇಳುತ್ತದೆ, ಬೂಟ್ ಆಗುತ್ತದೆ ಅಂತ ಹೇಳುವುದಿಲ್ಲ. ಒಳಗಿನ ಎಸ್‌ಎಸ್‌ಡಿ ಬಿಚ್ಚಿ ಪಕ್ಕಕ್ಕಿಟ್ಟು, ಹಳೆಯದೊಂದು ಸ್ಪೇರ್ ಡಿಸ್ಕ್ ಹಾಕಿ, ರೆಸ್ಕ್ಯೂ ಪೆನ್‌ಡ್ರೈವಿನಿಂದ ಇಮೇಜ್ ಇಳಿಸಿ ಆನ್ ಮಾಡುವುದು. ಎರಡು ಡಿಸ್ಕೂ ಒಟ್ಟಿಗೆ ಇರಬಾರದು, ಇದ್ದರೆ ಎರಡರ ಗುರುತಿನ ಸಂಖ್ಯೆ ಒಂದೇ ಆಗಿ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಡಿಸ್ಕ್ ಬದಲಿಸಿದರೆ ವಿಂಡೋಸಿನ ಲೈಸೆನ್ಸ್ ಹೋಗುತ್ತದೆ ಅನ್ನುವ ಹೆದರಿಕೆ ಬೇಡ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ.

ಹೊಸನಗರದವರ ಅಂಗಡಿಗೆ ಎಲ್ಲ ಸರಿಯಾದ ಮೇಲೆ ಹೋಗಿದ್ದೆ, ಇಮೇಜ್ ತೆಗೆದು ಕೊಡಲು. ಸ್ಪೇರ್ ಡಿಸ್ಕಿಗೆ ಇಳಿಸಿ ಆನ್ ಮಾಡಿದಾಗ ಅವರು ಪಕ್ಕದಲ್ಲೇ ನಿಂತಿದ್ದರು. ಡೆಸ್ಕ್‌ಟಾಪ್ ಬಂತು. ಅವರು ಮೊದಲು ತೆರೆದದ್ದು ನುಡಿಯಲ್ಲಿ ಟೈಪ್ ಮಾಡಿದ್ದ ಒಂದು ಹಳೆಯ ಕ್ರಯಪತ್ರ. ಅಕ್ಷರ ಸರಿಯಾಗಿತ್ತು. ಪ್ರಿಂಟ್ ಕೊಟ್ಟರು, ಪ್ರಿಂಟರ್ ಕಾಗದ ಎಳೆದುಕೊಂಡಿತು. ಹಿಡಿದದ್ದು ಒಟ್ಟು 35 ನಿಮಿಷ.

ಆಮೇಲೆ ಅವರೇ ಒಂದು ಚೀಟಿ ಬರೆದು ಪೆನ್‌ಡ್ರೈವಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರು. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಮಾಡಿದ ತಾರೀಕು, ಬೂಟ್ ಮೆನುವಿಗೆ ಯಾವ ಕೀ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಅವರದ್ದು ಎಫ್12. ಅದನ್ನು ಕೆಂಪು ಪೆನ್ನಿನಲ್ಲಿ ಬರೆದು, ಪೆನ್‌ಡ್ರೈವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯೊಳಗೆ ಇಟ್ಟರು.